ಎಂಟನೇ ತರಗತಿಗೆ ಬಂದ ಮಕ್ಕಳಿಗೆ ಕಂಪ್ಯೂಟರ್‌ನಲ್ಲೇ ಪರೀಕ್ಷೆ ಇಡುವುದು ಹೇಗೆ?

ಜೂನ್ ಬಂತೆಂದರೆ ಪ್ರೌಢಶಾಲೆಯ ಕಂಪ್ಯೂಟರ್ ಲ್ಯಾಬ್‌ಗೆ ಹೊಸ ಮಕ್ಕಳು ಬರುತ್ತಾರೆ. ಬಂದ ಕೆಲವೇ ದಿನಕ್ಕೆ ಅವರನ್ನು ಪರದೆಯ ಮುಂದೆ ಕೂರಿಸಿ ಪರೀಕ್ಷೆ ಮಾಡಿಸುತ್ತಾರೆ. ಅರ್ಧ ತರಗತಿಗೆ ಅಂಕ ಬರುವುದಿಲ್ಲ. ‘ಏಳನೇ ತರಗತಿವರೆಗೆ ಇವರಿಗೆ ಏನೂ ಕಲಿಸಿಲ್ಲ’ ಎಂದು ತೀರ್ಮಾನ ಆಗಿಬಿಡುತ್ತದೆ. ಇದನ್ನು ನಾನು ಹಲವು ಶಾಲೆಗಳಲ್ಲಿ ನೋಡಿದ್ದೇನೆ. ಹತ್ತಿರ ಹೋಗಿ ವಿಚಾರಿಸಿದರೆ ಮಗುವಿಗೆ ಉತ್ತರ ಗೊತ್ತಿರುತ್ತದೆ. ಆದರೆ ನಾಲ್ಕನೇ ಆಯ್ಕೆ ಪರದೆಯ ಕೆಳಗಡೆ ಇದೆ, ಸ್ಕ್ರಾಲ್ ಮಾಡಿದರೆ ಕಾಣುತ್ತದೆ ಎಂದು ಯಾರೂ ಹೇಳಿರುವುದಿಲ್ಲ. ನಾವು ಪರೀಕ್ಷಿಸಬೇಕಾದ್ದು ಪಾಠವನ್ನು. ಮೌಸ್ ಹಿಡಿಯುವ ಕೈಯನ್ನಲ್ಲ.

ನಮ್ಮಲ್ಲಿ ಎಷ್ಟೋ ಸರ್ಕಾರಿ ಪ್ರೌಢಶಾಲೆಗಳಲ್ಲಿ ಗಣಿತದ ಅಥವಾ ವಿಜ್ಞಾನದ ಶಿಕ್ಷಕರೇ ಲ್ಯಾಬನ್ನೂ ನೋಡಿಕೊಳ್ಳುತ್ತಾರೆ. ಹಾಗೆ ನೋಡಿಕೊಳ್ಳುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ.

ಹಂತ 1: ಯಾರು ಎಲ್ಲಿಂದ ಬಂದಿದ್ದಾರೆ ನೋಡಿ

ಒಂದು ಪ್ರೌಢಶಾಲೆಗೆ ಸುತ್ತಲಿನ ನಾಲ್ಕಾರು ಹಿರಿಯ ಪ್ರಾಥಮಿಕ ಶಾಲೆಗಳಿಂದ ಮಕ್ಕಳು ಬರುತ್ತಾರೆ. ಒಂದು ಶಾಲೆಯಲ್ಲಿ ಕಂಪ್ಯೂಟರ್ ಇತ್ತು, ಇನ್ನೊಂದರಲ್ಲಿ ಇದ್ದರೂ ಕೋಣೆಗೆ ಬೀಗ. ಕೆಲವರು ಖಾಸಗಿ ಶಾಲೆಯಲ್ಲಿ ಆಗಲೇ ಸ್ಕ್ರ್ಯಾಚ್ (ಮಕ್ಕಳಿಗಾಗಿ ಇರುವ ಪ್ರೋಗ್ರಾಮಿಂಗ್ ಭಾಷೆ) ಕಲಿತಿರುತ್ತಾರೆ. ಇದ್ಯಾವುದೂ ಟಿ.ಸಿ.ಯಲ್ಲಿ ಇರುವುದಿಲ್ಲ.

‘ಕಂಪ್ಯೂಟರ್ ಬರುತ್ತಾ?’ ಎಂದು ಮಾತ್ರ ಕೇಳಬೇಡಿ. ಒಬ್ಬ ಕೈ ಎತ್ತಿದರೆ ಎಲ್ಲರೂ ಎತ್ತುತ್ತಾರೆ. ಒಂದು ಹಾಳೆಯಲ್ಲಿ ಸಣ್ಣ ಪ್ರಶ್ನೆಗಳನ್ನು ಕೊಡಿ. ಮೌಸ್ ಹಿಡಿದಿದ್ದೀಯಾ? ಬರೆದದ್ದನ್ನು ಸೇವ್ ಮಾಡಿ ಮರುದಿನ ಮತ್ತೆ ತೆರೆದಿದ್ದೀಯಾ? ಕೀಬೋರ್ಡಿನಲ್ಲಿ ನಿನ್ನ ಹೆಸರನ್ನು ಕನ್ನಡದಲ್ಲಿ ಬರೆದಿದ್ದೀಯಾ? ಮನೆಯಲ್ಲಿ ಫೋನ್ ಯಾರದು, ನಿನಗೆ ಎಷ್ಟು ಹೊತ್ತು ಸಿಗುತ್ತದೆ? ಇದು ಕಾಗದದ ಮೇಲೇ ಇರಲಿ. ವರ್ಷದ ಆರಂಭದಲ್ಲಿ ಹೇಗೂ ಸೇತುಬಂಧ (ಹಿಂದಿನ ತರಗತಿಯ ಕಲಿಕೆಯನ್ನು ಸರಿಪಡಿಸುವ ತರಗತಿಗಳು) ನಡೆಯುತ್ತದೆ, ಅದರ ಪೂರ್ವ ಪರೀಕ್ಷೆಯ ಜೊತೆ ಈ ಹಾಳೆಯನ್ನೂ ಸೇರಿಸಿದರೆ ಬೇರೆ ಸಮಯ ಬೇಕಾಗುವುದಿಲ್ಲ. ಆಮೇಲೆ ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ಒಂದು ಫೋನ್ ಮಾಡಿ. ಐದು ನಿಮಿಷದ ಆ ಮಾತಿನಲ್ಲಿ ಯಾವ ದಾಖಲೆಯಲ್ಲೂ ಸಿಗದ ಸಂಗತಿ ಸಿಗುತ್ತದೆ.

ಹಂತ 2: ಕೈ ಪಳಗಲಿ

ಎರಡು ವಾರ ಜಿಕಾಂಪ್ರಿ (ಕಲಿಕೆಯ ಆಟಗಳು), ಟಕ್ಸ್ ಪೇಂಟ್ (ಚಿತ್ರ ಬಿಡಿಸುವ ತಂತ್ರಾಂಶ) ಆಡಿಸಿ. ಎರಡೂ ಉಚಿತ, ಇಂಟರ್‌ನೆಟ್ ಬೇಡ, ಹಳೆಯ ಕಂಪ್ಯೂಟರಿನಲ್ಲೂ ಓಡುತ್ತವೆ. ಫೋನ್ ಬಳಸಿದ ಮಕ್ಕಳು ಪರದೆಯನ್ನೇ ಮುಟ್ಟುತ್ತಾರೆ. ಬೈಯಬೇಡಿ, ಎರಡು ದಿನಕ್ಕೆ ಸರಿಹೋಗುತ್ತದೆ.

ದುಡ್ಡು ಕೊಟ್ಟು ‘ಕಂಪ್ಯೂಟರ್ ಶಿಕ್ಷಣ ಪ್ಯಾಕೇಜ್’ ತರಿಸಬೇಡಿ. ನಾನು ನೋಡಿದವುಗಳಲ್ಲಿ ಬಹುಪಾಲು ಸುಮ್ನೆ ಕೂತು ನೋಡುವ ವಿಡಿಯೊಗಳು, ಮಗುವಿನ ಕೈಗೆ ಕೆಲಸವೇ ಇಲ್ಲ. ಕನ್ನಡ ಅಕ್ಷರದ ಸ್ಟಿಕರ್‌ಗಳೂ ಬೇಡ. ಮಳೆಗಾಲ ಮುಗಿಯುವಷ್ಟರಲ್ಲಿ ಎದ್ದು ಬರುತ್ತವೆ, ಅಂಟು ಮಾತ್ರ ಕೀಲಿಯ ಮೇಲೆ ಉಳಿಯುತ್ತದೆ. ಕೀಲಿಮಣೆಯ ಚಿತ್ರವನ್ನು ಹಾಳೆಯಲ್ಲಿ ಪ್ರಿಂಟ್ ಮಾಡಿಸಿ ಪ್ರತಿ ಮಾನಿಟರ್ ಪಕ್ಕ ಅಂಟಿಸಿ, ಸಾಕು.

ಹಂತ 3: ಕನ್ನಡ ಸರಿಯಾಗಿ ಕಾಣಬೇಕು

ಎಲ್ಲ ಕೆಡುವುದು ಇಲ್ಲೇ. ಅವಸರ ಮಾಡಬೇಡಿ.

ಮೊದಲ ತೊಂದರೆ ಹಳೆಯ ಪ್ರಶ್ನೆಪತ್ರಿಕೆಯದು. ವರ್ಷಗಳಿಂದ ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿಟ್ಟ ಪತ್ರಿಕೆಗಳು ನಿಮ್ಮ ಹತ್ತಿರ ಇರುತ್ತವೆ. ಅದನ್ನು ಕಾಪಿ ಮಾಡಿ ಬ್ರೌಸರ್‌ಗೆ ಹಾಕಿದರೆ ಕನ್ನಡದ ಬದಲು ರೋಮನ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಆ ಫಾಂಟುಗಳು ಯೂನಿಕೋಡ್ (ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲ, ರೋಮನ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದಂಥವು. ಉಚಿತ ಪರಿವರ್ತಕಗಳಿವೆ, ಬಳಸಿ. ಆದರೆ ಪರಿವರ್ತಿಸಿದ ಮೇಲೆ ಪ್ರತಿ ಸಾಲನ್ನೂ ಓದಿ. ಅರ್ಕಾವತ್ತು, ಒತ್ತಕ್ಷರ ಅಲ್ಲಲ್ಲಿ ಜಾಗ ತಪ್ಪಿರುತ್ತವೆ. ‘ಹತ್ತೇ ಪ್ರಶ್ನೆ ತಾನೆ’ ಅಂತಾದರೆ ಹೊಸದಾಗಿ ಟೈಪ್ ಮಾಡುವುದೇ ವಾಸಿ.

ಪ್ರಶ್ನೆಗಳನ್ನು ನೋಟ್‌ಪ್ಯಾಡಿನಲ್ಲಿ ಬರೆದು ಒಟ್ಟಿಗೆ ಸೇರಿಸುವವರು ಉಳಿಸುವಾಗ ‘ಯುಟಿಎಫ್-8’ ಆರಿಸಲೇಬೇಕು. ಹಳೆಯ ವಿಂಡೋಸ್‌ನಲ್ಲಿ ಅದು ತಾನಾಗಿ ಬರುವುದಿಲ್ಲ. ಮರೆತರೆ ಮತ್ತೆ ತೆರೆದಾಗ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿರುತ್ತವೆ, ಬರೆದದ್ದು ವಾಪಸ್ ಬರುವುದಿಲ್ಲ.

ಎರಡನೆಯದು ಪರದೆ. ಪ್ರತಿ ಕಂಪ್ಯೂಟರಿನಲ್ಲೂ ನಾಲ್ಕು ಪದ ತೆರೆದು ನೋಡಿ: ಸ್ತ್ರೀ, ರಾಷ್ಟ್ರ, ಜ್ಞಾನ, ಸೂರ್ಯ. ಒತ್ತು ಬಿಡಿಬಿಡಿಯಾಗಿ ಕಂಡರೆ ಆ ಯಂತ್ರಕ್ಕೆ ನೋಟೋ ಸಾನ್ಸ್ ಕನ್ನಡದಂಥ ಒಳ್ಳೆಯ ಯೂನಿಕೋಡ್ ಫಾಂಟ್ ಹಾಕಿ, ಬ್ರೌಸರನ್ನೂ ಹೊಸದು ಮಾಡಿ. ಒಂದು ಕಂಪ್ಯೂಟರ್ ನೋಡಿ ಉಳಿದವೂ ಹಾಗೇ ಇರುತ್ತವೆ ಅಂದುಕೊಳ್ಳಬೇಡಿ.

ಮೂರನೆಯದು ಕೀಲಿಮಣೆ. ಯಾವ ಕೀಲಿಗೆ ಯಾವ ಅಕ್ಷರ ಎಂಬ ವಿನ್ಯಾಸ ಒಂದಕ್ಕಿಂತ ಹೆಚ್ಚು ಇದೆ. ಕ.ಗ.ಪ. (ಕನ್ನಡ ಗಣಕ ಪರಿಷತ್ತು) ವಿನ್ಯಾಸದಲ್ಲಿ ಅರ್ಧಾಕ್ಷರಕ್ಕೆ ‘ಎಫ್’ ಕೀಲಿ, ಇನ್‌ಸ್ಕ್ರಿಪ್ಟ್‌ನಲ್ಲಿ ‘ಡಿ’ ಕೀಲಿ. ಒಂದು ಕಂಪ್ಯೂಟರಿನಲ್ಲಿ ಇದು, ಪಕ್ಕದ್ದರಲ್ಲಿ ಅದು ಇದ್ದರೆ ಕಲಿತದ್ದೆಲ್ಲ ವ್ಯರ್ಥ. ಲ್ಯಾಬಿಗೆಲ್ಲ ಒಂದೇ ಇರಲಿ. ನನ್ನ ಮಾತು ಕೇಳುವುದಾದರೆ ಕ.ಗ.ಪ. ಇಟ್ಟುಕೊಳ್ಳಿ. ಕೆ ಒತ್ತಿದರೆ ‘ಕ’, ಎಂ ಒತ್ತಿದರೆ ‘ಮ’. ಮಕ್ಕಳಿಗೆ ಬೇಗ ಹಿಡಿಯುತ್ತದೆ.

ಇನ್ನು ನಾಲ್ಕನೆಯದು. ಇದು ಕಣ್ಣಿಗೆ ಕಾಣದ್ದು, ಅದಕ್ಕೇ ಹೆಚ್ಚು ಅಪಾಯ. ಬಿಟ್ಟ ಸ್ಥಳ ತುಂಬಿಸುವ ಪ್ರಶ್ನೆಗೆ ಕಂಪ್ಯೂಟರೇ ಅಂಕ ಕೊಡಲಿ ಎಂದು ಬಿಟ್ಟರೆ, ಅದು ನೀವು ಕೊಟ್ಟ ಉತ್ತರಕ್ಕೆ ಅಕ್ಷರಕ್ಕೆ ಅಕ್ಷರ ಹೋಲಿಸುತ್ತದೆ. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ‘ಟ್’ ಆದಮೇಲೆ ನಾವು ಕಾಣದ ಒಂದು ಚಿಹ್ನೆ ಹಾಕುತ್ತೇವೆ. ಮಗುವಿಗೆ ಅದು ಗೊತ್ತಿಲ್ಲ, ‘ಸಾಫ್ಟ್ವೇರ್’ ಎಂದು ಬರೆಯುತ್ತದೆ. ಅಂಕ ಸೊನ್ನೆ. ‘ಮೌಸ್’ ಪದದ ಕೊನೆಗೆ ಅದೇ ಚಿಹ್ನೆ ಸೇರಿಕೊಂಡರಂತೂ ಎರಡೂ ಪದ ಒಂದೇ ಥರ ಕಾಣುತ್ತವೆ, ಆದರೂ ತಪ್ಪು ಎಂದು ಬೀಳುತ್ತದೆ. 10 ಎನ್ನುವ ಬದಲು ೧೦ ಬರೆದರೂ ಇದೇ ಕಥೆ. ಗೊತ್ತಿದ್ದ ಉತ್ತರಕ್ಕೆ ಸೊನ್ನೆ ನೋಡಿದ ಮಗು ಲ್ಯಾಬಿನ ಮೇಲೆಯೇ ನಂಬಿಕೆ ಕಳೆದುಕೊಳ್ಳುತ್ತದೆ, ಅಲ್ವಾ? ಹಾಗಾಗಿ ಎಂಟನೇ ತರಗತಿಗೆ ಆಯ್ಕೆ ಪ್ರಶ್ನೆ, ಹೊಂದಿಸಿ ಬರೆಯುವುದು, ಎಳೆದು ಕೂರಿಸುವುದು, ಇಷ್ಟೇ ಇರಲಿ. ಕನ್ನಡದಲ್ಲಿ ಟೈಪ್ ಮಾಡಿಸಿದರೆ ಅದನ್ನು ನೀವೇ ಓದಿ ಅಂಕ ಕೊಡಿ.

ಹಂತ 4: ಪರೀಕ್ಷೆ ಕಟ್ಟುವುದು

ಮೂಡಲ್ ಬಳಸಿ. ಪಾಠ, ಪರೀಕ್ಷೆ ನಡೆಸಲು ಇರುವ ಉಚಿತ, ಮುಕ್ತ ತಂತ್ರಾಂಶ. ಲ್ಯಾಬಿನ ಒಂದು ಕಂಪ್ಯೂಟರನ್ನು ಸರ್ವರ್ ಮಾಡಿ ಉಳಿದವನ್ನು ಕೇಬಲ್‌ನಲ್ಲಿ ಜೋಡಿಸಿದರೆ ಇಂಟರ್‌ನೆಟ್ ಇಲ್ಲದೆಯೇ ನಡೆಯುತ್ತದೆ. ಮಗು ಕೊಟ್ಟ ಉತ್ತರ ಆಗಾಗ ತಾನಾಗಿಯೇ ಉಳಿಯುತ್ತಾ ಹೋಗುತ್ತದೆ. ಗೂಗಲ್ ಫಾರ್ಮ್ಸ್ ಸುಲಭದ ದಾರಿ, ನಿಜ. ಆದರೆ ನೆಟ್ ಬೇಕೇ ಬೇಕು. ಅದನ್ನೇ ಬಳಸುವುದಾದರೆ ಮಕ್ಕಳಿಂದ ಇಮೇಲ್ ಕೇಳಬೇಡಿ. 13 ವರ್ಷ ತುಂಬದವರು ಸ್ವಂತವಾಗಿ ಗೂಗಲ್ ಖಾತೆ ತೆರೆಯುವಂತಿಲ್ಲ, ಎಂಟನೇ ತರಗತಿಗೆ ಬರುವಾಗ ಕೆಲವರಿಗೆ ಅಷ್ಟು ವಯಸ್ಸು ಆಗಿರುವುದಿಲ್ಲ.

ಆಯ್ಕೆಗಳ ಕ್ರಮವನ್ನು ಕಲಸುವ ಸೌಲಭ್ಯ ಒಳ್ಳೆಯದೇ. ಆದರೆ ‘ಮೇಲಿನ ಎಲ್ಲವೂ’ ಎಂಬ ಆಯ್ಕೆ ಇದ್ದರೆ ಅದು ಮೊದಲ ಸಾಲಿಗೂ ಬಂದು ಕೂರಬಹುದು. ಅಂಥ ಆಯ್ಕೆಯನ್ನೇ ಬಿಡಿ. ಪರದೆಗೆ ಒಂದೇ ಪ್ರಶ್ನೆ ಇರಲಿ, ಸ್ಕ್ರಾಲ್ ಮಾಡದೆ ಪೂರ್ತಿ ಕಾಣಲಿ.

ಹಂತ 5: ಅಂಕವಿಲ್ಲದ ಪರೀಕ್ಷೆ

ಇದನ್ನು ಬಿಡಬೇಡಿ. ನಿಜವಾದ ಪರೀಕ್ಷೆಗೆ ವಾರ ಮೊದಲು ಅದೇ ಕೋಣೆ, ಅದೇ ಲಾಗಿನ್, ಆದರೆ ಯಾರಿಗಾದರೂ ಬರುವಂಥ ಪ್ರಶ್ನೆಗಳು. ನಿಮ್ಮ ಊರು ಯಾವ ತಾಲ್ಲೂಕಿನಲ್ಲಿದೆ? ಇವುಗಳಲ್ಲಿ ಹಣ್ಣು ಯಾವುದು? ಇಲ್ಲಿ ಯಾರಾದರೂ ತಪ್ಪಿದರೆ ಕಾರಣ ಪಾಠವಲ್ಲ, ಪರದೆ. ಯಾರು, ಎಲ್ಲಿ ತಡವರಿಸುತ್ತಾರೆ ಎಂದು ಹಿಂದೆ ನಿಂತು ನೋಡಿ ಬರೆದುಕೊಳ್ಳಿ. ಉತ್ತರ ಬದಲಾಯಿಸುವುದು, ಬಿಟ್ಟ ಪ್ರಶ್ನೆಗೆ ವಾಪಸ್ ಹೋಗುವುದು, ಕಂಟ್ರೋಲ್ ಜೊತೆ ಪ್ಲಸ್ ಒತ್ತಿ ಅಕ್ಷರ ದೊಡ್ಡದು ಮಾಡುವುದು, ಕೊನೆಗೆ ಸಲ್ಲಿಸುವುದು: ಪ್ರತಿ ಮಗುವೂ ಈ ನಾಲ್ಕನ್ನೂ ತಾನೇ ಮಾಡಬೇಕು. ಸಲ್ಲಿಸುವ ಗುಂಡಿ ಒತ್ತಿದ ಮೇಲೆ ಮೂಡಲ್ ಮತ್ತೊಮ್ಮೆ ‘ಖಚಿತವೇ?’ ಎಂದು ಕೇಳುತ್ತದೆ. ಅದಕ್ಕೆ ಉತ್ತರ ಕೊಡದೆ ಎದ್ದುಹೋಗುವ ಮಕ್ಕಳು ಜಾಸ್ತಿ.

ಈ ಅಭ್ಯಾಸ ಮುಂದಕ್ಕೂ ಬೇಕು. ಎಂಜಿನಿಯರಿಂಗ್ ಪ್ರವೇಶಕ್ಕೆ ಬರೆಯುವ ಜೆಇಇ ಮೇನ್ ಪತ್ರಿಕೆ ಪೂರ್ತಿ ಕಂಪ್ಯೂಟರಿನಲ್ಲೇ ನಡೆಯುತ್ತದೆ, 2021ರಿಂದ ಕನ್ನಡದಲ್ಲೂ ಇದೆ. ಅಲ್ಲಿ ಉತ್ತರಿಸಿದ ಪ್ರಶ್ನೆಗೆ ಹಸಿರು, ಬಿಟ್ಟದ್ದಕ್ಕೆ ಕೆಂಪು, ಮತ್ತೆ ನೋಡಬೇಕಾದ್ದಕ್ಕೆ ನೇರಳೆ ಬಣ್ಣ. ಹಳ್ಳಿಯ ಮಗು ಅದನ್ನು ಮೊದಲ ಸಲ ಪರೀಕ್ಷಾ ಕೇಂದ್ರದಲ್ಲೇ ನೋಡುವಂತೆ ಆಗಬಾರದು.

ಹಂತ 6: ಪರೀಕ್ಷೆಯ ದಿನ

60 ಮಕ್ಕಳು, ಕೆಲಸ ಮಾಡುವ 10 ಕಂಪ್ಯೂಟರ್ ಇದ್ದರೆ ಆರು ತಂಡ ಮಾಡಿ. ಒಂದು ಯಂತ್ರಕ್ಕೆ ಒಂದೇ ಮಗು. 20 ನಿಮಿಷಕ್ಕಿಂತ ದೊಡ್ಡ ಪರೀಕ್ಷೆ ಬೇಡ. ಮೊದಲ ತಂಡ ಹೊರಗೆ ಬಂದು ಪ್ರಶ್ನೆ ಹೇಳಿಯೇ ಹೇಳುತ್ತದೆ, ಆದ್ದರಿಂದ ಪ್ರಶ್ನೆಗಳು ಮೂರು ಪಟ್ಟು ಇರಲಿ, ಮೂಡಲ್ ಆರಿಸಿಕೊಡಲಿ.

ಯುಪಿಎಸ್ ಒಂದೇ ಇದ್ದರೆ ಅದು ಸರ್ವರ್‌ಗೆ. ಕರೆಂಟ್ ಹೋಗಿ ಬಂದ ಮೇಲೆ ಮಗು ಮತ್ತೆ ಲಾಗಿನ್ ಆದರೆ ಉಳಿದಿದ್ದ ಉತ್ತರಗಳು ಸಿಗುತ್ತವೆ. ಆದರೆ ಗಡಿಯಾರ ನಿಂತಿರುವುದಿಲ್ಲ. ಆ ಮಗುವಿಗೆ ನೀವೇ ಹೆಚ್ಚುವರಿ ಸಮಯ ಕೊಡಬೇಕು. ಸಮಯ ಹೆಚ್ಚಿಸುವ ಆ ಸೌಲಭ್ಯ ಮೂಡಲ್‌ನಲ್ಲಿ ಎಲ್ಲಿದೆ ಎಂದು ಮೊದಲೇ ನೋಡಿಟ್ಟುಕೊಳ್ಳಿ.

ಹಂತ 7: ಫಲಿತಾಂಶ

ಅಂಕಪಟ್ಟಿಗಿಂತ ಮೊದಲು ಯಾವ ಪ್ರಶ್ನೆಗೆ ಎಷ್ಟು ಜನ ತಪ್ಪಿದ್ದಾರೆ ನೋಡಿ. ಹೆಚ್ಚಿನವರು ಒಂದೇ ಪ್ರಶ್ನೆಗೆ ತಪ್ಪಿದ್ದರೆ ಆ ಪ್ರಶ್ನೆಯನ್ನು ಪರದೆಯಲ್ಲಿ ತೆರೆದು ಓದಿ. ಒಂದೇ ಊರಿನಿಂದ ಬಂದ ಮಕ್ಕಳಷ್ಟೇ ತಪ್ಪಿದ್ದರೆ ಹಂತ 1ರ ಹಾಳೆಯ ಪಕ್ಕ ಇಟ್ಟು ನೋಡಿ, ಆ ಗುಂಪಿಗೆ ವಾರಕ್ಕೆ ಒಂದು ಅವಧಿ ಜಾಸ್ತಿ ಲ್ಯಾಬ್ ಕೊಡಿ. ಅವರ ಪ್ರಾಥಮಿಕ ಶಾಲೆಯ ಶಿಕ್ಷಕರಿಗೂ ಅದನ್ನು ತಿಳಿಸಿ, ಈಗ ಅಲ್ಲಿ ಏಳನೇ ತರಗತಿಯಲ್ಲಿರುವ ಮಕ್ಕಳು ಮುಂದಿನ ಜೂನ್‌ನಲ್ಲಿ ನಿಮ್ಮಲ್ಲಿಗೇ ಬರುವವರು.