ಇಮ್‌ಟೆಕ್ಸ್ ಜನ, ಕೃಷಿಮೇಳದ ಜನ: ನಾನು ಲೆಕ್ಕ ಇಟ್ಟಿದ್ದು ಹೀಗೆ

ನಮ್ಮದು ಪೀಣ್ಯದಲ್ಲಿ ಸಣ್ಣ ಕಾರ್ಖಾನೆ. ಲೇತ್, ಮಿಲ್ಲಿಂಗ್ ಮೆಷಿನ್ನಿಗೆ ಟೂಲ್ ಮಾಡುತ್ತೇವೆ, ಜೊತೆಗೆ ಚಾಫ್ ಕಟ್ಟರ್ (ಮೇವು ಕತ್ತರಿಸುವ ಯಂತ್ರ) ಬ್ಲೇಡೂ ಉಂಟು. ಹಾಗಾಗಿ ತುಮಕೂರು ರಸ್ತೆಯ ಪ್ರದರ್ಶನ ಕೇಂದ್ರ ಬಿಐಇಸಿಯಲ್ಲಿ ನಡೆಯುವ ಯಂತ್ರೋಪಕರಣಗಳ ವ್ಯಾಪಾರ ಪ್ರದರ್ಶನ ಇಮ್‌ಟೆಕ್ಸ್‌ನಲ್ಲೂ ಸ್ಟಾಲ್ ಹಾಕುತ್ತೇವೆ, ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಕೃಷಿಮೇಳದಲ್ಲೂ ಹಾಕುತ್ತೇವೆ. ಎಲ್ಲಿ ಜನ ಜಾಸ್ತಿಯಾಗುತ್ತಿದ್ದಾರೆ ಅಂತ ನೋಡುವ ಕೆಲಸ ನನ್ನದು.

ಆಯೋಜಕರು ಕೊಡುವ ಅಂಕಿಗಳನ್ನು ಅಕ್ಕಪಕ್ಕ ಇಟ್ಟರೆ ಮೇಳವೇ ಗೆಲ್ಲುತ್ತದೆ. ಅಲ್ಲಿನ ಲೆಕ್ಕವೇ ಲಕ್ಷಗಳಲ್ಲಿ. ಆದರೆ ಮೇಳಕ್ಕೆ ಪ್ರವೇಶ ಉಚಿತ, ಬ್ಯಾಡ್ಜ್ ಇಲ್ಲ. ಗುರುವಾರ ಬಂದವರೇ ಭಾನುವಾರ ಮನೆಮಂದಿಯನ್ನು ಕರೆದುಕೊಂಡು ಬಂದರೆ ಎರಡು ಸಲ ಲೆಕ್ಕಕ್ಕೆ ಸೇರುತ್ತಾರೆ. ವ್ಯಾಪಾರ ಪ್ರದರ್ಶನದಲ್ಲಿ ಬ್ಯಾಡ್ಜ್ ಇರುತ್ತದೆ ನಿಜ, ಆದರೆ ಹೆಸರು ಕೊಟ್ಟವರೆಲ್ಲ ಬರುವುದಿಲ್ಲ ಅಲ್ವಾ?

ಅದಕ್ಕೇ ನಮ್ಮದೇ ಲೆಕ್ಕ ಶುರು ಮಾಡಿದೆ. ಪ್ರತಿ ಗಂಟೆಗೆ ಹತ್ತು ನಿಮಿಷ, ಒಬ್ಬ ಹುಡುಗ ಕೈಯಲ್ಲಿ ಕೌಂಟರ್ ಹಿಡಿದು ಸ್ಟಾಲ್ ಮುಂದೆ ಹಾದುಹೋದವರನ್ನು ಎಣಿಸುತ್ತಾನೆ. ನಿಂತು ನೋಡಿದವರಿಗೆ ಒಂದು ಗೀಟು, ರೇಟು ಕೇಳಿದವರಿಗೆ ಇನ್ನೊಂದು. ಮೊದಲ ವರ್ಷದ ಸಂಖ್ಯೆಯನ್ನು 100 ಅಂತ ಇಟ್ಟುಕೊಂಡು ಮುಂದಿನದನ್ನು ಅದಕ್ಕೆ ಹೋಲಿಸುತ್ತೇನೆ. ಆಗ ಲಕ್ಷ, ಸಾವಿರದ ಜಗಳ ಇರುವುದಿಲ್ಲ. ಏರಿತೋ ಇಳಿಯಿತೋ, ಅಷ್ಟೇ.

ಯಾವುದನ್ನು ಯಾವುದಕ್ಕೆ ಹೋಲಿಸಬೇಕು ಅನ್ನುವುದೇ ದೊಡ್ಡ ತಲೆನೋವು. ಇಮ್‌ಟೆಕ್ಸ್ ಬೆಸ ವರ್ಷದಲ್ಲಿ ಮೆಟಲ್ ಕಟಿಂಗ್‌ಗೆ (ಲೋಹ ಕತ್ತರಿಸುವುದು), ಸಮ ವರ್ಷದಲ್ಲಿ ಮೆಟಲ್ ಫಾರ್ಮಿಂಗ್‌ಗೆ (ಲೋಹವನ್ನು ಒತ್ತಿ, ಬಾಗಿಸಿ ಆಕಾರ ಕೊಡುವುದು). ಬರುವ ಜನವೇ ಬೇರೆ. ಹಾಗಾಗಿ 2025ನ್ನು 2023ರ ಜೊತೆಗೇ ಇಡಬೇಕು. ಎರಡೂ ಸಲ ಗುರುವಾರ ಶುರುವಾಗಿದ್ದು ನನಗೆ ಅನುಕೂಲವಾಯಿತು. ಮೇಳದಲ್ಲಿ ಹಾಗಾಗಲಿಲ್ಲ. 2023ರಲ್ಲಿ ನವೆಂಬರ್ 17ರ ಶುಕ್ರವಾರದಿಂದ ಸೋಮವಾರದವರೆಗೆ, 2024ರಲ್ಲಿ 14ರ ಗುರುವಾರದಿಂದ ಭಾನುವಾರದವರೆಗೆ. ಕೊನೇ ದಿನಕ್ಕೆ ಕೊನೇ ದಿನ ಹೋಲಿಸಿದರೆ ಸೋಮವಾರದ ಎದುರು ಭಾನುವಾರ ನಿಲ್ಲುತ್ತದೆ! ವಾರ ನೋಡಿ ಹೊಂದಿಸಿದೆ.

ಭಾನುವಾರದ ನೂಕುನುಗ್ಗಲನ್ನು ಸುಮ್ನೆ ನಂಬಬೇಡಿ. ಅವತ್ತು ಬೆಂಗಳೂರಿನವರು ಗಿಡ, ಬೀಜ, ಸಿರಿಧಾನ್ಯ ಕೊಳ್ಳಲು ಬರುತ್ತಾರೆ. ಬ್ಲೇಡ್ ಮುಂದೆ ಮಕ್ಕಳ ಫೋಟೋ ತೆಗೆದುಕೊಂಡು ಹೋಗುತ್ತಾರೆ. ಹಸು ಕಟ್ಟಿದವರು ವಾರದ ದಿನ ಬೆಳಗ್ಗೆಯೇ ಬರುತ್ತಾರೆ. ಹೆಬ್ಬೆರಳನ್ನು ಅಲಗಿಗೆ ಅಡ್ಡಲಾಗಿ ಮೆಲ್ಲಗೆ ಸವರಿ, "ಎಷ್ಟು ದಿನಕ್ಕೆ ಸಾಣೆ ಹಿಡಿಸ್ಬೇಕು ಸ್ವಾಮಿ?" ಅಂತ ಕೇಳುತ್ತಾರೆ. ಅಂಥವರ ಗೀಟು ನನಗೆ ಮುಖ್ಯ. ಅದು ಮಳೆಗೂ ರಾಗಿ ಕೊಯ್ಲಿಗೂ ತಕ್ಕಂತೆ ಏರುಪೇರಾಗುತ್ತದೆ. ಹೊಲದಲ್ಲಿ ತೆನೆ ಒಣಗುತ್ತಿದ್ದರೆ ಯಾರು ತಾನೇ ಮೇಳಕ್ಕೆ ಬರುತ್ತಾರೆ?

ಇಮ್‌ಟೆಕ್ಸ್‌ನಲ್ಲಿ ಒಟ್ಟು ಸಂಖ್ಯೆಗಿಂತ ಹೊತ್ತು ಬದಲಾಗಿದ್ದು ನನ್ನ ಕಣ್ಣಿಗೆ ಬಿತ್ತು. 2023ರಲ್ಲಿ ಮೆಟ್ರೊ ನಾಗಸಂದ್ರಕ್ಕೇ ಮುಗಿಯುತ್ತಿತ್ತು. ಟ್ರಾಫಿಕ್ಕಿಗೆ ಹೆದರಿ ಜನ ಮಧ್ಯಾಹ್ನಾನೇ ಜಾಗ ಖಾಲಿ ಮಾಡುತ್ತಿದ್ದರು. 2024ರ ನವೆಂಬರ್‌ನಲ್ಲಿ ಬಿಐಇಸಿ ಪಕ್ಕದ ಮಾದಾವರದವರೆಗೆ ರೈಲು ಬಂತು. ಮರುವರ್ಷದ ಜನವರಿಯಲ್ಲಿ ನಮ್ಮ ಸ್ಟಾಲಿಗೆ ಸಂಜೆಯ ಗೀಟುಗಳು ಜಾಸ್ತಿಯಾದವು. ಮೊಬೈಲಿನಲ್ಲಿ ಡ್ರಾಯಿಂಗ್ ತೋರಿಸಿ, "ಈ ಮೆಟೀರಿಯಲ್‌ಗೆ ಫೀಡ್ (ಟೂಲ್ ಮುಂದೆ ಸರಿಯುವ ವೇಗ) ಎಷ್ಟು ಕೊಡಬಹುದು?" ಅಂತ ಕೇಳುವವರು ಆ ಹೊತ್ತಿಗೇ ಬಂದರು. ಇದು ಪ್ರದರ್ಶನ ಬೆಳೆದಿದ್ದೋ ಅಥವಾ ದಾರಿ ಸಲೀಸಾಗಿದ್ದೋ ಅನ್ನುವುದು 2027ರ ಗೀಟು ಎಣಿಸಿದ ಮೇಲೆಯೇ ತಿಳಿಯಬೇಕು. ಅಲ್ಲಿಯವರೆಗೆ ಅನುಭವ ಇರುವ ಹುಡುಗನನ್ನು ಇಮ್‌ಟೆಕ್ಸ್‌ಗೆ ಸಂಜೆ ಪಾಳಿಯಲ್ಲಿ, ಮೇಳಕ್ಕೆ ವಾರದ ದಿನದ ಬೆಳಗ್ಗೆ ನಿಲ್ಲಿಸುತ್ತೇನೆ.