ಅಂಕವಹಿಯ ಪಕ್ಕದಲ್ಲಿ ಹಾಜರಿ ಪುಸ್ತಕವನ್ನಿಟ್ಟು ಓದಿದಾಗ

ಯಾದಗಿರಿ ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಆರರಿಂದ ಎಂಟನೆಯ ತರಗತಿಯವರೆಗೆ ಗಣಿತ ಕಲಿಸುತ್ತೇನೆ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75.36 ಇದ್ದರೆ ನಮ್ಮ ಜಿಲ್ಲೆಯದು ಶೇ. 51.83 ಇತ್ತು. ಅಂದು ಅಕ್ಷರ ಬಾರದವರ ಲೆಕ್ಕದಲ್ಲಿ ಸೇರಿದ್ದ ಎಷ್ಟೋ ತಾಯ್ತಂದೆಯರ ಮಕ್ಕಳು ಇಂದು ನನ್ನ ಎದುರಿಗೆ ಕುಳಿತಿದ್ದಾರೆ. ಮನೆಯಲ್ಲಿ ಪಾಠ ಹೇಳಿಕೊಡುವವರಿಲ್ಲ ಎಂಬ ಒಂದೇ ಕಾರಣವನ್ನು ಹೇಳಿ ಕಡಿಮೆ ಅಂಕಗಳ ವಿಚಾರವನ್ನು ಅಲ್ಲಿಗೇ ಮುಗಿಸುವುದು ನಮ್ಮಲ್ಲಿ ಬಹಳ ಸುಲಭ. ನಾನೂ ಕೆಲವು ವರ್ಷ ಹಾಗೆಯೇ ಮುಗಿಸಿದ್ದೆ.

ಮೌಲ್ಯಮಾಪನ ಮುಗಿದ ಮೇಲೆ ಅಂಕಗಳನ್ನು ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆ ವ್ಯವಸ್ಥೆಯಾದ ಎಸ್‌ಎಟಿಎಸ್‌ಗೆ ಏರಿಸುವುದರ ಜೊತೆಗೆ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಪ್ರವರ್ಗ-1, 2ಎ, 2ಬಿ ಎಂದು ಮೀಸಲಾತಿಯ ಪ್ರವರ್ಗವಾರು ತಖ್ತೆಯನ್ನೂ ಸಿದ್ಧಪಡಿಸುವುದು ನನ್ನ ಪಾಲಿನ ಕೆಲಸವಾಗಿತ್ತು. ಏಳನೆಯ ತರಗತಿಯಲ್ಲಿ ಪರಿಶಿಷ್ಟ ಜಾತಿಯ ಕಾಲಂನಲ್ಲಿ 'ಸಿ' ಶ್ರೇಣಿಯವರು, ಅಂದರೆ ನೂರಕ್ಕೆ 30ಕ್ಕಿಂತ ಕಡಿಮೆ ಪಡೆದವರು, ಹೆಚ್ಚಿದ್ದುದನ್ನು ನೋಡಿ ಒಂದು ವರ್ಷ ಆ ಮಕ್ಕಳಿಗೆಲ್ಲ ಸಂಜೆ ಪರಿಹಾರ ಬೋಧನೆ ಇಟ್ಟುಕೊಂಡೆ. ಅದು ಫಲ ಕೊಡಲಿಲ್ಲ. ಅದೇ ಕಾಲಂನಲ್ಲಿ ಚೆನ್ನಾಗಿಯೇ ಬರೆಯುತ್ತಿದ್ದ ಮಕ್ಕಳನ್ನೂ ಸುಮ್ಮನೆ ಕೂರಿಸಿಕೊಂಡಂತಾಯಿತು. ನಿಜವಾಗಿ ಬೇಕಾಗಿದ್ದವರೋ ಸಂಜೆಯಿರಲಿ, ಹಗಲಿಗೇ ಶಾಲೆಯಲ್ಲಿರುತ್ತಿರಲಿಲ್ಲ.

ಆಗ ದೊಡ್ಡ ಹಾಳೆಯೊಂದಕ್ಕೆ ಗೆರೆ ಎಳೆದು, ಪ್ರವರ್ಗವನ್ನು ಬದಿಗಿಟ್ಟು, ಪ್ರತಿ ಮಗುವಿನ ಹೆಸರಿನ ಮುಂದೆ ಮೂರು ವಿಷಯ ಬರೆಯತೊಡಗಿದೆ: ಮನೆಯಲ್ಲಿ ಆಡುವ ಮಾತು, ತಿಂಗಳುವಾರು ಹಾಜರಿ, ಮತ್ತು ದಸರೆಯ ನಂತರ ಮನೆಯಲ್ಲಿ ಯಾರು ಉಳಿಯುತ್ತಾರೆ ಎಂಬುದು. ಮೊದಲನೆಯದನ್ನು ಬರೆಯುವಾಗಲೇ ನನ್ನ ತಪ್ಪು ಗೊತ್ತಾಯಿತು. ನಮ್ಮ ರಾಜ್ಯದಲ್ಲಿ ಲಂಬಾಣಿಗರು ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿದ್ದಾರೆ. ಹಾಗಾಗಿ ಊರಿನೊಳಗೆ ಹುಟ್ಟಿನಿಂದ ಕನ್ನಡವಾಡುವ ಮಗು ಮತ್ತು ತಾಂಡಾದಿಂದ ನಡೆದು ಬರುವ, ಮನೆಯಲ್ಲಿ ಕನ್ನಡದ ಒಂದು ಮಾತೂ ಕೇಳದ ಮಗು ಎರಡೂ ನನ್ನ ತಖ್ತೆಯಲ್ಲಿ ಒಂದೇ ಸಂಖ್ಯೆಯಾಗಿ ಕೂಡಿಹೋಗಿದ್ದವು. ಐದನೆಯವರೆಗೆ ಉರ್ದು ಮಾಧ್ಯಮದಲ್ಲಿ ಓದಿ ಬಂದ ಮಕ್ಕಳ ಸಂಗತಿಯೂ ಮುಸ್ಲಿಮರ ಪ್ರವರ್ಗವಾದ 2ಬಿ ಕಾಲಂನಲ್ಲಿ ಹೀಗೆಯೇ ಮರೆಯಾಗಿತ್ತು.

ತಾಂಡಾದ ಒಬ್ಬ ಹುಡುಗಿಯ ಉತ್ತರ ಪತ್ರಿಕೆಯನ್ನು ಇಂದಿಗೂ ಮರೆತಿಲ್ಲ. ನೇರ ಗುಣಾಕಾರ, ಭಾಗಾಕಾರಗಳೆಲ್ಲ ಸರಿ. ವಾಕ್ಯರೂಪದ ಲೆಕ್ಕಗಳ ಜಾಗವೆಲ್ಲ ಖಾಲಿ. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕೆಜಿಗೆ 10 ರೂಪಾಯಿಯಂತೆ 28 ಕೆಜಿ ಹತ್ತಿ ಬಿಡಿಸಿದರೆ ಎಷ್ಟು ಕೂಲಿ ಎಂದು ಕೇಳಿದೆ. "280 ರೀ ಸರ್, ಅದ್ರಾಗ ಅವ್ವ ಮುಂಗಡ ಮುರ್ಕೊಂತಾಳ್ರೀ" ಎಂದು ಥಟ್ಟನೆ ಹೇಳಿದಳು. ಪತ್ರಿಕೆಯಲ್ಲಿದ್ದ 'ಪ್ರತಿ ಕಿಲೋಗ್ರಾಂನ ದರ', 'ಕಡಿತಗೊಳಿಸಿದಾಗ ಉಳಿಯುವ ಮೊತ್ತ' ಎಂಬ ಮಾತುಗಳು ಅವಳಿಗೆ ತಲುಪಿರಲಿಲ್ಲ. ಗಣಿತದಲ್ಲಿ ಹಿಂದುಳಿದವಳು ಎಂದು ನಾನು ಬರೆದಿದ್ದ ಷರಾವನ್ನು ಅಂದೇ ಹೊಡೆದು ಹಾಕಿದೆ.

ತಿಂಗಳುವಾರು ಹಾಜರಿಯು ಇನ್ನೂ ಹೆಚ್ಚು ಹೇಳಿತು. ವರ್ಷದ ಒಟ್ಟು ಹಾಜರಿಯನ್ನು ಮಾತ್ರ ನೋಡಿದರೆ ಇಬ್ಬರು ಮಕ್ಕಳು ಸಮವಾಗಿ ಕಾಣಬಹುದು. ಆದರೆ ಒಬ್ಬ ಹುಡುಗ ದಸರೆಯ ನಂತರ ತಾಯ್ತಂದೆಯರೊಂದಿಗೆ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗಿ ತಿಂಗಳುಗಟ್ಟಲೆ ಬಾರದಿದ್ದರೆ, ಇನ್ನೊಬ್ಬ ಹುಡುಗಿ ಹತ್ತಿ ಬಿಡಿಸುವ ದಿನಗಳಲ್ಲಿ ವಾರಕ್ಕೆ ಎರಡು ಮೂರು ದಿನ ತಪ್ಪಿಸಿಕೊಳ್ಳುತ್ತಾಳೆ. ಮೊದಲನೆಯವನಿಗೆ ಭಿನ್ನರಾಶಿಯ ಘಟಕ ಪೂರ್ತಿ ತಪ್ಪಿಹೋಗಿರುತ್ತದೆ. ಎರಡನೆಯವಳಿಗೆ ಎಲ್ಲ ಪಾಠವೂ ಅಷ್ಟಷ್ಟು ಗೊತ್ತಿದ್ದು ಯಾವುದೂ ಕೂಡಿಬಂದಿರುವುದಿಲ್ಲ. ಇಬ್ಬರಿಗೂ ಒಂದೇ ಪರಿಹಾರ ಬೋಧನೆ ಕೊಡುವುದರಲ್ಲಿ ಅರ್ಥವಿಲ್ಲವೆಂದು ಆಗ ತಿಳಿಯಿತು. ಅಜ್ಜ ಅಜ್ಜಿಯರ ಬಳಿ ಉಳಿದುಕೊಂಡ ತಾಂಡಾದ ಮಕ್ಕಳ ಅಂಕಗಳು ದಸರೆಯ ನಂತರ ನಡೆಯುವ ಮೂರನೆಯ ರೂಪಣಾತ್ಮಕ ಮೌಲ್ಯಮಾಪನದಲ್ಲೂ ಇಳಿದಿರಲಿಲ್ಲ ಎಂಬುದು ಅದೇ ಹಾಳೆಯಲ್ಲಿ ಕಂಡಿತು.

ಮುಂದಿನ ವರ್ಷ ದಸರಾ ರಜೆಗೆ ಮುನ್ನವೇ ಮುಖ್ಯಗುರುಗಳು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರು ಮತ್ತು ನಾನು ತಾಂಡಾಕ್ಕೆ ಹೋಗಿ, ಮಕ್ಕಳನ್ನು ಊರಲ್ಲೇ ಬಿಟ್ಟುಹೋಗುವಂತೆ ಮನೆ ಮನೆಗೆ ಕೇಳಿಕೊಂಡೆವು. "ಹೊಟ್ಟಿಗಿ ಶಾಲ್ಯಾಗ ಬಿಸಿಯೂಟ ಆಗ್ತದ ಖರೆ, ರಾತ್ರಿಗಿ ಯಾರ್ ಮಾಡಿ ಹಾಕ್ತಾರ್ರೀ ಗುರುಗಳೇ?" ಎಂದು ಒಬ್ಬ ತಾಯಿ ಕೇಳಿದರು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಮನೆಯಲ್ಲಿ ಹಿರಿಯರಿದ್ದ ಕೆಲವರು ಒಪ್ಪಿದರು, ಉಳಿದವರು ಹೊರಟರು. ಹೊರಡುವವರ ಕೈಗೆ ಪಠ್ಯಪುಸ್ತಕದ ಜೊತೆಗೆ, ಯಾವ ಘಟಕದವರೆಗೆ ಕಲಿತಿದ್ದಾರೆಂದು ಬರೆದು ಸಹಿ ಮಾಡಿದ ಒಂದು ಚೀಟಿಯನ್ನು ಕೊಟ್ಟು ಕಳಿಸಿದೆ. ಕೆಲಸದ ಜಾಗದ ಹತ್ತಿರ ಯಾವುದಾದರೂ ಶಾಲೆಯಲ್ಲಿ ಕೂರಿಸಿಕೊಂಡರೆ ಅಲ್ಲಿನ ಶಿಕ್ಷಕರಿಗೆ ಅನುಕೂಲವಾಗಲಿ ಎಂಬುದಷ್ಟೇ ಉದ್ದೇಶ.

ತರಗತಿಯೊಳಗೆ ಮಾಡಿದ ಬದಲಾವಣೆ ಚಿಕ್ಕದು. ವಾಕ್ಯರೂಪದ ಲೆಕ್ಕವನ್ನು ಬಿಡಿಸುವ ಮೊದಲು ಒಂದು ಮಗು ಅದನ್ನು ತನ್ನ ಮನೆಮಾತಿನಲ್ಲಿ ಎಲ್ಲರಿಗೂ ಹೇಳಬೇಕು, ಆಮೇಲೆಯೇ ಸ್ಲೇಟು ಹಿಡಿಯಬೇಕು ಎಂದು ನಿಯಮ ಮಾಡಿದೆ. ಇದಕ್ಕೆ ಹೆಚ್ಚು ಹೊತ್ತು ಹಿಡಿಯುತ್ತದೆ, ಪಠ್ಯಕ್ರಮ ಹಿಂದೆ ಬೀಳುತ್ತದೆ; ಆದರೂ ಖಾಲಿ ಬಿಟ್ಟ ಜಾಗಗಳು ಕಡಿಮೆಯಾದವು. ಹತ್ತಿಯ ಲೆಕ್ಕ ಹೇಳಿದ ಹುಡುಗಿ ಎಂಟನೆಯ ತರಗತಿಯನ್ನು 'ಬಿ+' ಶ್ರೇಣಿಯಲ್ಲಿ ಮುಗಿಸಿ, ಪಕ್ಕದೂರಿನ ಪ್ರೌಢಶಾಲೆಗೆ ಸೇರಲು ಟಿ.ಸಿ. ಒಯ್ದಳು.

ತಖ್ತೆಯನ್ನು ಈಗಲೂ ಪ್ರವರ್ಗವಾರು ತುಂಬಿ ಕಳಿಸುತ್ತೇನೆ, ಅದು ಬೇಕಾದ ಮಾಹಿತಿಯೇ. ನನ್ನ ಹಾಳೆ ಮಾತ್ರ ಹಾಜರಿ ಪುಸ್ತಕದೊಳಗೇ ಇರುತ್ತದೆ. ಈ ವರ್ಷ ಆರನೆಯ ತರಗತಿಗೆ ಬಂದವರ ಹೆಸರುಗಳನ್ನು ಬರೆದಾಗಿದೆ, ದಸರೆಯ ಕಾಲಂ ಇನ್ನೂ ಖಾಲಿ ಇದೆ.