‘ಪಾಸಿಟಿವ್ ಫೀಡ್‌ಬ್ಯಾಕ್’ ಅಂದರೆ ಬರೀ ಹೊಗಳಿಕೆ ಅಲ್ಲ: ಅರ್ಥ ಹಿಡಿಯುವುದು ಹೇಗೆ?

ಆಫೀಸಿನಲ್ಲಿ ನಿಮ್ಮ ಕೆಲಸಕ್ಕೆ ‘ಪಾಸಿಟಿವ್ ಫೀಡ್‌ಬ್ಯಾಕ್’ ಬಂದರೆ ಖುಷಿಪಡುತ್ತೀರಿ. ಹವಾಮಾನ ವಿಜ್ಞಾನಿ ಅದೇ ಎರಡು ಪದ ಹೇಳಿದರೆ ಅದು ಚಿಂತೆಯ ವಿಷಯ. ಸೌಂಡ್ ಎಂಜಿನಿಯರ್ ಆದರೆ ಓಡಿಹೋಗಿ ವಾಲ್ಯೂಮ್ ಇಳಿಸುತ್ತಾರೆ. ಹಿಮ ಕರಗುವ ಬಗೆಗಿನ ಬರಹದಲ್ಲಿ ಇದನ್ನು ‘ಒಳ್ಳೆಯ ಪ್ರತಿಕ್ರಿಯೆ’ ಅಂತ ಕನ್ನಡಕ್ಕೆ ತಂದುಬಿಟ್ಟರೆ ಇಡೀ ಮಾತೇ ತಲೆಕೆಳಗಾಗುತ್ತದೆ ಅಲ್ವಾ? ಅದಕ್ಕೇ ಈ ಜೋಡಿಪದ ಎದುರಾದಾಗ ನಾನು ಏನು ಮಾಡುತ್ತೇನೆ ಅಂತ ಹೇಳುತ್ತೇನೆ.

ಮೊದಲು, ಮಾತು ಯಾರದ್ದು ಅಂತ ನೋಡಿ. ಒಬ್ಬರು ಇನ್ನೊಬ್ಬರ ಕೆಲಸದ ಬಗ್ಗೆ ಅಭಿಪ್ರಾಯ ಹೇಳುತ್ತಿದ್ದರೆ ಅದು ಮೆಚ್ಚುಗೆ, ಅಷ್ಟೇ. ಯಂತ್ರ, ದೇಹ, ಭೂಮಿ, ಮಾರುಕಟ್ಟೆ ಇಂಥದ್ದರ ಬಗ್ಗೆ ಮಾತಿದ್ದರೆ ‘ಪಾಸಿಟಿವ್’ ಅನ್ನುವುದಕ್ಕೆ ಒಳ್ಳೆಯದು ಅನ್ನುವ ಅರ್ಥವನ್ನು ಪಕ್ಕಕ್ಕಿಡಿ. ಅಲ್ಲಿ ಅದು ದಿಕ್ಕನ್ನು ಮಾತ್ರ ಹೇಳುತ್ತದೆ: ಆದ ಬದಲಾವಣೆ ಒಂದು ಸುತ್ತು ಹಾಕಿ ಬಂದು, ಅದೇ ದಿಕ್ಕಿಗೆ ಇನ್ನಷ್ಟು ತಳ್ಳುತ್ತದೆ ಅಂತ.

ಆಮೇಲೆ, ಸುತ್ತು ಎಲ್ಲಿದೆ ಅಂತ ಹುಡುಕಿ. ಮೈಕ್ ಹಿಡಿದವರು ಸ್ಪೀಕರಿನ ಮುಂದೆ ಬಂದಾಗ ಕೀ... ಅಂತ ಕಿವಿ ಸೀಳುವ ಸದ್ದು ಬರುತ್ತದಲ್ಲ, ಅದನ್ನೇ ತಗೊಳ್ಳಿ. ಮೈಕಿಗೆ ಸಣ್ಣ ಸದ್ದು ಬೀಳುತ್ತದೆ, ಆಂಪ್ಲಿಫೈಯರ್ ಅದನ್ನು ದೊಡ್ಡದು ಮಾಡುತ್ತದೆ, ಸ್ಪೀಕರಿನಿಂದ ಹೊರಬಿದ್ದದ್ದು ಮತ್ತೆ ಮೈಕಿಗೇ ಬೀಳುತ್ತದೆ. ಪ್ರತಿ ಸುತ್ತಿನಲ್ಲೂ ಹೋದದ್ದಕ್ಕಿಂತ ವಾಪಸ್ ಬಂದದ್ದು ಜಾಸ್ತಿ ಇದ್ದರೆ, ಕಣ್ಣು ಮಿಟುಕಿಸುವಷ್ಟರಲ್ಲಿ ಕಿರುಚಾಟ ಶುರು. ಮೈಕನ್ನು ಅತ್ತ ತಿರುಗಿಸಿದರೆ ಸುತ್ತು ಕಡಿಯುತ್ತದೆ, ಸದ್ದೂ ನಿಲ್ಲುತ್ತದೆ.

ಮೂರನೆಯದು ನನಗೆ ತುಂಬಾ ಇಷ್ಟದ ಹೆಜ್ಜೆ: ಸುತ್ತಿನಲ್ಲಿ ತಿರುವುಗಳನ್ನು ಎಣಿಸುವುದು. ‘ಇದು ಹೆಚ್ಚಿದರೆ ಅದು ಕಡಿಮೆ’ ಅಥವಾ ‘ಇದು ಕಡಿಮೆಯಾದರೆ ಅದು ಹೆಚ್ಚು’ ಅನ್ನುವಂಥ ಪ್ರತಿ ಜಾಗವೂ ಒಂದು ತಿರುವು. ಧ್ರುವದ ಸಮುದ್ರವನ್ನು ನೋಡಿ. ಬಿಸಿ ಹೆಚ್ಚಿದರೆ ಹಿಮ ಕಡಿಮೆ, ಒಂದು ತಿರುವು. ಹಿಮ ಕಡಿಮೆಯಾದರೆ ಕಪ್ಪು ನೀರು ಹೀರುವ ಬಿಸಿಲು ಜಾಸ್ತಿ, ಎರಡನೆಯ ತಿರುವು. ಬಿಸಿಲು ಹೀರಿದರೆ ಬಿಸಿ ಮತ್ತೆ ಜಾಸ್ತಿ. ತಿರುವು ಎರಡು, ಅಂದರೆ ಸಮಸಂಖ್ಯೆ, ಹಾಗಾಗಿ ಇದು ಪಾಸಿಟಿವ್. ತಿರುವೇ ಇಲ್ಲದ ಮೈಕಿನ ಸುತ್ತೂ ಪಾಸಿಟಿವ್ವೇ. ಊಟವಾದ ಮೇಲೆ ರಕ್ತದಲ್ಲಿ ಸಕ್ಕರೆ ಏರಿದರೆ ಇನ್ಸುಲಿನ್ ಏರುತ್ತದೆ, ಇನ್ಸುಲಿನ್ ಏರಿದರೆ ಸಕ್ಕರೆ ಇಳಿಯುತ್ತದೆ. ಇಲ್ಲಿ ತಿರುವು ಒಂದೇ, ಬೆಸಸಂಖ್ಯೆ. ಇದು ‘ನೆಗೆಟಿವ್ ಫೀಡ್‌ಬ್ಯಾಕ್’, ಮತ್ತು ನಾವು ಬದುಕಿರುವುದೇ ಇಂಥ ಸುತ್ತುಗಳಿಂದ.

ಕೊನೆಯದಾಗಿ, ಎಲ್ಲಿ ನಿಲ್ಲುತ್ತದೆ ಅಂತ ಕೇಳಿ. ಪಾಸಿಟಿವ್ ಅಂದ ತಕ್ಷಣ ಕೈಮೀರಿತು ಅಂತಲ್ಲ. ಪ್ರತಿ ಸುತ್ತಿನಲ್ಲಿ ಸೇರುವ ಪಾಲು ಚಿಕ್ಕದಾಗುತ್ತಾ ಹೋದರೆ ಏರಿಕೆ ಒಂದು ಹಂತದಲ್ಲಿ ನಿಲ್ಲುತ್ತದೆ. ಹೆರಿಗೆಯಲ್ಲಿ ಮಗು ಗರ್ಭಕೋಶದ ಬಾಯಿಯನ್ನು ಒತ್ತುತ್ತದೆ, ಅದರಿಂದ ಆಕ್ಸಿಟೋಸಿನ್ ಅನ್ನುವ ಹಾರ್ಮೋನ್ ಹೆಚ್ಚುತ್ತದೆ, ಅದರಿಂದ ನೋವು ಬಲವಾಗುತ್ತದೆ, ಒತ್ತಡ ಇನ್ನೂ ಜಾಸ್ತಿಯಾಗುತ್ತದೆ. ಮಗು ಹುಟ್ಟಿದ ಕೂಡಲೇ ಆ ಸುತ್ತು ಮುಗಿಯಿತು. ಇಲ್ಲಿ ಪಾಸಿಟಿವ್ ಸುತ್ತು ಬೇಕೇ ಬೇಕು. ಬ್ಯಾಂಕ್ ಮುಳುಗುತ್ತದೆ ಅಂತ ಹೆದರಿ ಜನ ಹಣ ತೆಗೆದು, ಅದನ್ನು ನೋಡಿ ಇನ್ನಷ್ಟು ಜನ ಹೆದರುವುದೂ ಇದೇ ಜಾತಿಯ ಸುತ್ತು, ಆದರೆ ಅದು ಯಾರಿಗೂ ಬೇಡ.

‘ನೆಗೆಟಿವ್’ ಕೂಡ ಕೆಟ್ಟದ್ದಲ್ಲ. ಅಮೆರಿಕದ ಎಂಜಿನಿಯರ್ ಹೆರಾಲ್ಡ್ ಬ್ಲ್ಯಾಕ್ 1927ರಲ್ಲಿ ಆಂಪ್ಲಿಫೈಯರಿನಿಂದ ಹೊರಬಂದದ್ದರ ಒಂದು ಪಾಲನ್ನು ಉಲ್ಟಾ ಮಾಡಿ ಒಳಕ್ಕೆ ಕೊಡುವ ಉಪಾಯ ಕಂಡುಕೊಂಡರು. ಸದ್ದು ಏರಿಸುವ ಶಕ್ತಿ ಸಾಕಷ್ಟು ಕಡಿಮೆಯಾಯಿತು, ಆದರೆ ದೂರದ ಫೋನ್ ಮಾತಿನ ಕರಕರ ಬಹಳ ತಗ್ಗಿತು.

ಕನ್ನಡದಲ್ಲಿ ಬರೆಯುವಾಗ ನಾನು ಒಂದನ್ನು ‘ಹೆಚ್ಚಿಸುವ ಸುತ್ತು’, ಇನ್ನೊಂದನ್ನು ‘ಹತೋಟಿಗೆ ತರುವ ಸುತ್ತು’ ಅನ್ನುತ್ತೇನೆ. ಆಫೀಸಿನದ್ದಕ್ಕೆ ‘ಮೆಚ್ಚುಗೆ’ ಸಾಕು.